ಹಳೆ ಎಲ್‌ಸಿಡಿ ಮಾನಿಟರ್ ಬಿಚ್ಚಿ ಮಾಡಿದ ಪ್ರೊಜೆಕ್ಟರ್‌ನಲ್ಲಿ ಚಿತ್ರ ಯಾಕೆ ಇಷ್ಟು ಮಂಕು?
ಬೆಳಕಿನ ಬಹುಪಾಲನ್ನು ಪ್ಯಾನೆಲ್ಲೇ ನುಂಗಿಬಿಡುತ್ತದೆ, ಅದಕ್ಕೆ. ಎಲ್‌ಸಿಡಿ ಪ್ಯಾನೆಲ್ ತಾನೇ ಬೆಳಗುವುದಿಲ್ಲ, ಹಿಂದಿನಿಂದ ಬಂದ ಬೆಳಕನ್ನು ಸೋಸಿ ಬಿಡುತ್ತದೆ ಅಷ್ಟೆ. ಮೊದಲ ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ, ಅರ್ಧಕ್ಕಿಂತ ಜಾಸ್ತಿ ತಡೆಯುತ್ತದೆ. ಉಳಿದದ್ದರಲ್ಲಿ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳು ಸುಮಾರು ಮೂರರಲ್ಲಿ ಎರಡು ಪಾಲು ಹೀರುತ್ತವೆ. ಕೊನೆಗೆ ಆಚೆ ಬರುವುದು ಸಾಮಾನ್ಯವಾಗಿ ಶೇ. 10ಕ್ಕಿಂತ ಕಡಿಮೆ, ಅದನ್ನೇ ಗೋಡೆ ತುಂಬ ಹರಡಿದರೆ ಮಂಕಾಗಲೇಬೇಕು ಅಲ್ವಾ?

ಸುಮ್ನೆ ಲೆನ್ಸ್ ಬದಲಾಯಿಸುತ್ತಾ ಕೂರಬೇಡಿ. 100 ವ್ಯಾಟ್‌ನಂಥ ಜೋರಾದ ಎಲ್‌ಇಡಿ ಹಾಕಿ, ಫ್ರೆನೆಲ್ ಲೆನ್ಸ್ (ಚಪ್ಪಟೆ ಹಾಳೆಯಂಥ ಭೂತಗನ್ನಡಿ) ಇಟ್ಟು ಬೆಳಕನ್ನೆಲ್ಲ ಮುಂದಿನ ಲೆನ್ಸಿನೊಳಗೆ ತಿರುಗಿಸಿ. ಕೋಣೆ ಪೂರ್ತಿ ಕತ್ತಲಿರಲಿ. ಫ್ಯಾನ್ ಮಾತ್ರ ಮರೆಯಲೇಬೇಡಿ, ಹೀರಿದ ಬೆಳಕೆಲ್ಲ ಬಿಸಿಯಾಗಿ ಪ್ಯಾನೆಲ್ ಕಪ್ಪಾಗುತ್ತದೆ.