ಬರೀ ಡಾಂಬರು ಅಂದರೆ ಹೇಗೆ?

ಹಾಸನದ ಓದುಗರೊಬ್ಬರ ಪತ್ರ: "ಹಳೆಯ ರೇಸ್ ಟ್ರ್ಯಾಕ್‌ಗಳು ಮುಚ್ಚಿಹೋದವು ಅಂತ ನಿಮ್ಮ ಪತ್ರಿಕೆ ಯಾಕಿಷ್ಟು ಗೋಳಾಡುತ್ತದೆ? ಕಾರು ಓಡದ ಮೇಲೆ ಅದು ಬರೀ ಡಾಂಬರು. ಇನ್ನೊಂದು ಕಟ್ಟಿದರಾಯ್ತು. ಅಂದ ಹಾಗೆ, ಮುಂದಿನ ವರ್ಷ ಪ್ಯಾರಿಸ್‌ನಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇನೆ. ಆ ಕಡೆ ನೋಡುವಂಥ ಹಳೇ ಟ್ರ್ಯಾಕ್ ಏನಾದರೂ ಉಳಿದಿದೆಯಾ?"

ಸಂಪಾದಕರ ಉತ್ತರ:

ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಡಾಂಬರೂ ಇರಲಿಲ್ಲ ಸ್ವಾಮಿ, ಕಾಂಕ್ರೀಟು! 1907ರಲ್ಲಿ ಹ್ಯೂ ಲಾಕ್ ಕಿಂಗ್ ಎಂಬ ಶ್ರೀಮಂತ ತನ್ನ ಸ್ವಂತ ಜಮೀನಿನಲ್ಲಿ ಅದನ್ನು ಕಟ್ಟಿಸಿದ. ತಿರುವುಗಳಲ್ಲಿ ರಸ್ತೆ ಓರೆಯಾಗಿ ಸುಮಾರು 9 ಮೀಟರ್ ಎತ್ತರಕ್ಕೆ ಏರುತ್ತಿತ್ತು. 1935ರಲ್ಲಿ ಜಾನ್ ಕಾಬ್ ಅಲ್ಲಿ ಗಂಟೆಗೆ 143 ಮೈಲಿ ವೇಗದಲ್ಲಿ ಸುತ್ತು ಹಾಕಿದ. ಅವನ ಕಾರು ನೆಲ ಬಿಟ್ಟು ಹಾರಿದ ಫೋಟೋ ಇದೆ, ಹುಡುಕಿ ನೋಡಿ. 1939ರಲ್ಲಿ ಯುದ್ಧ ಬಂತು, ರೇಸ್ ನಿಂತಿತು. ಜಾಗ ವಿಮಾನ ಕಾರ್ಖಾನೆಗಳ ಪಾಲಾಯಿತು. ವಿಮಾನಗಳು ಸಲೀಸಾಗಿ ಏರಲಿ ಅಂತ ಓರೆಗೋಡೆಯ ಒಂದು ಭಾಗವನ್ನೇ ಒಡೆದು ಹಾಕಿದರು. ಆದರೂ ಮಿಕ್ಕ ತುಂಡುಗಳು ಇವತ್ತಿಗೂ ನಿಂತಿವೆ, ಪಕ್ಕದಲ್ಲೊಂದು ಮ್ಯೂಸಿಯಂ ಇದೆ. ಬುಡದಲ್ಲಿ ನಿಂತು ತಲೆ ಎತ್ತಿದರೆ ಕಾಬ್‌ನ ಎದೆಗಾರಿಕೆ ಎಂಥದ್ದು ಅಂತ ಗೊತ್ತಾಗುತ್ತದೆ. ಪುಸ್ತಕದ ಅಂಕಿಯಿಂದ ಅದು ಸಿಗಲ್ಲ.

ನಿಜ ಹೇಳಬೇಕೆಂದರೆ, ಮುಚ್ಚಿದ ಟ್ರ್ಯಾಕ್‌ಗಳಿಗಿಂತ "ಸುಧಾರಿಸಿದ" ಟ್ರ್ಯಾಕ್‌ಗಳ ಮೇಲೇ ನನಗೆ ಸಿಟ್ಟು ಜಾಸ್ತಿ. ಜರ್ಮನಿಯ ಹಾಕೆನ್‌ಹೈಮ್ ನೋಡಿ. ಹೆಸರು ಇದೆ, ರೇಸೂ ನಡೆಯುತ್ತದೆ. ಆದರೆ ಕಾಡಿನ ನಡುವೆ ನೇರವಾಗಿ ಸೀಳಿಕೊಂಡು ಹೋಗುತ್ತಿದ್ದ ಆ ಉದ್ದ ರಸ್ತೆಗಳು ಎಲ್ಲಿ? 2002ರಲ್ಲಿ 6.8 ಕಿ.ಮೀ. ಟ್ರ್ಯಾಕನ್ನು ಸುಮಾರು 4.6 ಕಿ.ಮೀ.ಗೆ ಇಳಿಸಿದರು. ಕಾಡೊಳಗೆ ಹೋದ ಕಾರುಗಳು ಪ್ರೇಕ್ಷಕರ ಕಣ್ಣಿಗೆ ಬೀಳುತ್ತಿರಲಿಲ್ಲ, ಆ ದೂರು ಸುಳ್ಳಲ್ಲ. ಸರಿ, ಬೇರೆ ದಾರಿ ಮಾಡಿಕೊಳ್ಳಲಿ. ಹಳೇ ರಸ್ತೆಯನ್ನು ಕಿತ್ತು ಹಾಕಿ ಗಿಡ ನೆಟ್ಟುಬಿಟ್ಟರಲ್ಲ! ಗಿಡ ನೆಟ್ಟವರನ್ನು ಬೈಯುವುದೂ ಕಷ್ಟ, ಅಲ್ವಾ? ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಜಿಮ್ ಕ್ಲಾರ್ಕ್ 1968ರ ರೇಸಿನಲ್ಲಿ ಪ್ರಾಣ ಬಿಟ್ಟದ್ದು ಆ ಕಾಡಿನಲ್ಲೇ.

ಇನ್ನೊಂದು ಕಟ್ಟಿದರಾಯ್ತು ಅಂದಿರಿ. ಕಟ್ಟುತ್ತಾರೆ, ಬೇಡ ಅನ್ನಲ್ಲ. ಮದ್ರಾಸಿನ ಹತ್ತಿರ ಶೋಲಾವರಂನ ಹಳೇ ವಿಮಾನ ಪಟ್ಟಿಯಲ್ಲಿ ನಡೆಯುತ್ತಿದ್ದ ರೇಸ್‌ಗಳಿಗೆ ಬದಲಾಗಿ ಇರುಂಗಾಟ್ಟುಕೋಟೈನಲ್ಲಿ ಒಳ್ಳೆಯ ಟ್ರ್ಯಾಕೇ ಬಂತು. ಬೆಂಗಳೂರಿನ ಹುಡುಗರಿಗೆ ಅದರಿಂದ ಉಪಕಾರವೇ ಆಯಿತು. ಹೊಸದು ಬಂತು ಅಂತ ಹಳೆಯದರ ಗುರುತನ್ನೂ ಅಳಿಸಬೇಕಾ ಅನ್ನೋದಷ್ಟೇ ನನ್ನ ತಕರಾರು.

ಪ್ಯಾರಿಸ್‌ನಿಂದ ರೀಮ್ಸ್‌ಗೆ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿಂದ ಟ್ಯಾಕ್ಸಿಯಲ್ಲಿ ಗ್ಯೂ ಎಂಬ ಹಳ್ಳಿ ಕಡೆ ಹೋಗಿ. 1966ರವರೆಗೆ ಅಲ್ಲಿ ಫಾರ್ಮುಲಾ ಒನ್ ಓಡಿದೆ. ಅದು ಮೊದಲಿನಿಂದಲೂ ಊರಿನ ರಸ್ತೆಯೇ, ಈಗಲೂ ಜನ ಓಡಾಡುತ್ತಾರೆ. ರಸ್ತೆ ಬದಿಯಲ್ಲೇ ಹಳೇ ಪಿಟ್ (ರೇಸಿನ ನಡುವೆ ಕಾರು ನಿಲ್ಲಿಸಿ ರಿಪೇರಿ ಮಾಡುವ ಜಾಗ) ಕಟ್ಟಡ, ಎದುರಿಗೆ ಪ್ರೇಕ್ಷಕರ ಸ್ಟ್ಯಾಂಡ್. ಅಭಿಮಾನಿಗಳು ಸೇರಿ ಬಣ್ಣ ಬಳಿದು ಉಳಿಸಿಕೊಂಡಿದ್ದಾರೆ. ಫೋಟೋ ತೆಗೆದರೆ ನಮಗೂ ಕಳಿಸಿ. ರಸ್ತೆ ದಾಟುವಾಗ ಮಾತ್ರ ಎರಡೂ ಕಡೆ ನೋಡಿಕೊಳ್ಳಿ, ಅಲ್ಲಿ ಗಾಡಿಗಳು ಬಲಗಡೆ ಓಡುತ್ತವೆ.