ಮದುವೆ ದುಡ್ಡು ಸ್ಮಾಲ್ ಕ್ಯಾಪ್ ಫಂಡ್‌ನಲ್ಲಿ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ.

2025ರ ಫೆಬ್ರವರಿ ಕೊನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬಂದರು. ಮೇಷ್ಟ್ರು ಹೈಸ್ಕೂಲಿನಿಂದ ನಿವೃತ್ತರಾದವರು, ಪಿಂಚಣಿ ಬರುತ್ತದೆ. ಮಾತು ಶುರು ಮಾಡಿದ್ದು ಅವರ ಮನೆಯವರು. "ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲ್ ನೋಡ್ತಾ ಕೂತಿರ್ತಾರೆ ಮೇಡಂ. ಅಳಿಯಂದಿರು ಫೋನ್ ಮಾಡಿದ್ರೆ ಎತ್ತೋದೇ ಇಲ್ಲ."

ಗ್ರಾಚ್ಯುಟಿಯಲ್ಲಿ ಬಂದ 12 ಲಕ್ಷವನ್ನು ಮೇಷ್ಟ್ರು 2024ರ ಆಗಸ್ಟ್‌ನಲ್ಲಿ ಒಂದೇ ಸಲಕ್ಕೆ ನಿಫ್ಟಿ ಸ್ಮಾಲ್ ಕ್ಯಾಪ್ 250 ಇಂಡೆಕ್ಸ್ ಫಂಡ್‌ಗೆ, ಅಂದರೆ ಸಣ್ಣ ಕಂಪನಿಗಳ ಷೇರು ಸೂಚ್ಯಂಕವೊಂದನ್ನು ಹಾಗೇ ಅನುಸರಿಸುವ ಮ್ಯೂಚುವಲ್ ಫಂಡ್‌ಗೆ ಹಾಕಿದ್ದರು. ಹೇಳಿಕೊಟ್ಟದ್ದು ದೊಡ್ಡ ಅಳಿಯ. ಸೆಪ್ಟೆಂಬರ್ ನಂತರ ಮಾರುಕಟ್ಟೆ ಇಳಿಯತೊಡಗಿತು. ನನ್ನ ಮುಂದೆ ಮೊಬೈಲ್ ತೆರೆದು ತೋರಿಸಿದಾಗ 9 ಲಕ್ಷ ಚಿಲ್ಲರೆ ಉಳಿದಿತ್ತು, ಕೆಂಪು ಅಕ್ಷರದಲ್ಲಿ.

"ಇಂಡೆಕ್ಸ್ ಫಂಡ್ ಅಂದ್ರೆ ಸೇಫ್ ಅಂದಿದ್ದ" ಎಂದರು ಮೇಷ್ಟ್ರು.

ಇದನ್ನು ಮೊದಲು ಬಿಡಿಸಿ ಹೇಳಬೇಕಿತ್ತು. ಅಳಿಯ ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಇಂಥ ಫಂಡ್‌ನಲ್ಲಿ ಖರ್ಚು ಕಡಿಮೆ. ಮ್ಯಾನೇಜರ್ ತಪ್ಪು ಷೇರು ಆರಿಸಿಬಿಟ್ಟಾನು ಅನ್ನುವ ಭಯವೂ ಇಲ್ಲ. ಷೇರುಪೇಟೆಯ 500 ದೊಡ್ಡ ಕಂಪನಿಗಳ ನಿಫ್ಟಿ 500 ಪಟ್ಟಿಯಲ್ಲಿ 251ರಿಂದ 500ನೇ ಸ್ಥಾನದವರೆಗಿನ ಕಂಪನಿಗಳನ್ನು ಅದು ಸುಮ್ನೆ ಹಿಡಿದುಕೊಂಡಿರುತ್ತದೆ, ವರ್ಷಕ್ಕೆ ಎರಡು ಸಲ ಪಟ್ಟಿ ಬದಲಾಗುತ್ತದೆ. ಆದರೆ ಆ ಕಂಪನಿಗಳು ಬಿದ್ದರೆ ಫಂಡ್ ಕೂಡ ಅಷ್ಟೇ ಬೀಳುತ್ತದೆ. ಮಧ್ಯೆ ಷೇರು ಮಾರಿ ಹಣ ಕೈಲಿಟ್ಟುಕೊಳ್ಳುವವರು ಯಾರೂ ಇರುವುದಿಲ್ಲ. 2018ರ ಜನವರಿಯಿಂದ 2020ರ ಮಾರ್ಚ್‌ವರೆಗೆ ಇದೇ ಸೂಚ್ಯಂಕ ಅರ್ಧಕ್ಕಿಂತ ಜಾಸ್ತಿ ಕುಸಿದಿತ್ತು. ಹಳೆ ಮಟ್ಟಕ್ಕೆ ಬಂದಿದ್ದು 2021ರಲ್ಲಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಕಾಯುವ ಶಕ್ತಿ ಇದ್ದವರಿಗೆ ಮಾತ್ರ ಅದು ದಕ್ಕಿತು.

"ಸರ್, ಈ ದುಡ್ಡು ಯಾವಾಗ ಬೇಕು?" ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಅವರ ಹೆಂಡತಿ ಬ್ಯಾಗಿನಿಂದ ಒಂದು ಉದ್ದ ನೋಟ್‌ಬುಕ್ ತೆಗೆದರು. ಚಿಕ್ಕ ಮಗಳ ಮದುವೆ ನವೆಂಬರ್‌ಗೆ. ಛತ್ರದ ಅಡ್ವಾನ್ಸ್, ಅಡುಗೆಯವರು, ಜವಳಿ, ಒಡವೆ ಎಂದು ಸಾಲಾಗಿ ಬರೆದು, ಪ್ರತಿಯೊಂದರ ಮುಂದೆ ಯಾವ ತಿಂಗಳು ಎಷ್ಟು ಕೊಡಬೇಕು ಎಂದು ಗುರುತು ಹಾಕಿದ್ದರು. ಒಟ್ಟು ನಾಲ್ಕೂವರೆ ಲಕ್ಷ. ಈ ಪುಸ್ತಕವನ್ನು ದುಡ್ಡು ಹಾಕುವ ಮುಂಚೆ ಅಳಿಯನೂ ಕೇಳಿರಲಿಲ್ಲ, ಮೇಷ್ಟ್ರೂ ನೋಡಿರಲಿಲ್ಲ. ನನಗೆ ಇಡೀ ಪ್ರಕರಣ ಕಂಡಿದ್ದು ಆ ಪುಟದಲ್ಲೇ.

ನಾನು ಕುಟುಂಬ ಆಪ್ತಸಲಹೆಗಾರ್ತಿ. ಎಲ್ಲಿ ಎಷ್ಟು ಹಾಕಬೇಕು ಅನ್ನುವುದಕ್ಕೆ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿಕೊಂಡ, ಫೀಸು ಮಾತ್ರ ತೆಗೆದುಕೊಳ್ಳುವ ಸಲಹೆಗಾರರ ಬಳಿ ಕಳಿಸಿದೆ. ಆದರೆ ಒಂದು ಮಾತನ್ನು ನಾನೇ ಖಡಾಖಂಡಿತವಾಗಿ ಹೇಳಿದೆ. ಮದುವೆ ದುಡ್ಡು ಅಲ್ಲಿ ಇರಬಾರದು, ನಷ್ಟವಾದರೂ ತೆಗೆಯಿರಿ.

ಮೇಷ್ಟ್ರಿಗೆ ಸಿಟ್ಟು ಬಂತು. "ಬಿದ್ದಾಗ ಮಾರಬಾರದು ಅಂತಾರಲ್ವಾ?"

"ಕಾಯೋಕೆ ಆಗುವ ದುಡ್ಡಿಗೆ ಆ ಮಾತು, ಸರ್. ನವೆಂಬರ್‌ಗೆ ಮುಂಚೆ ಇನ್ನೂ ಎರಡು ಲಕ್ಷ ಹೋದರೆ ಸಾಲ ಮಾಡ್ತೀರಾ?"

ಅವರು ನಾಲ್ಕೂವರೆ ಲಕ್ಷ ತೆಗೆದು ಬ್ಯಾಂಕಿನಲ್ಲಿ ಠೇವಣಿ ಇಟ್ಟರು. ಸಲಹೆಗಾರರ ಮಾತಿನಂತೆ ಇನ್ನೊಂದಷ್ಟು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಯಿತು. ಅದರ ಬಡ್ಡಿ ಆಗ ಶೇ. 8.2 ಇತ್ತು. ಮಾರಿದ್ದರಲ್ಲಿ ಆದ ನಷ್ಟವನ್ನು ಗಡುವಿನೊಳಗೆ ತೆರಿಗೆ ರಿಟರ್ನ್ ಸಲ್ಲಿಸಿ ತೋರಿಸಿದರೆ ಮುಂದಿನ 8 ವರ್ಷದ ಬಂಡವಾಳ ಲಾಭದಲ್ಲಿ ಕಳೆಯಬಹುದು ಅನ್ನುವುದು ಗೊತ್ತಾದ ಮೇಲೆ ಮೇಷ್ಟ್ರು ಸ್ವಲ್ಪ ಸಮಾಧಾನವಾದರು. ಫಂಡ್‌ನಲ್ಲಿ 3 ಲಕ್ಷ ಉಳಿಸಿದರು. "ಇದು ಒಂದೂವರೆ ಲಕ್ಷ ಆದರೂ ಮನೆ ನಡೆಯುತ್ತಾ?" ಎಂದು ಕೇಳಿದ್ದೆ. ಶೇಕಡಾ ಲೆಕ್ಕದಲ್ಲಿ ಹೂಂ ಅನ್ನುವವರು ರೂಪಾಯಿಯಲ್ಲಿ ಕೇಳಿದಾಗ ನಿಜ ಹೇಳುತ್ತಾರೆ. ಪಿಂಚಣಿ ಇದೆ, ನಡೆಯುತ್ತದೆ ಎಂದರು.

ಮುಂದಿನ ಸಲ ಅಳಿಯನೂ ಬಂದ. ಪಾಪ, ಅವನಿಗೂ ನಿದ್ದೆ ಇರಲಿಲ್ಲ. "ಮಾವ, ನಂಗೆ ರಿಟರ್ನ್ ಚೆನ್ನಾಗಿ ಕಂಡಿತ್ತು, ಮದುವೆ ಬಗ್ಗೆ ಯೋಚನೆ ಮಾಡ್ಲಿಲ್ಲ" ಎಂದ. ಮೇಷ್ಟ್ರು ತುಂಬಾ ಹೊತ್ತು ಸುಮ್ಮನಿದ್ದು, "ಕೇಳದೆ ಹಾಕಿದ್ದು ನಾನೂ ಅಲ್ವೇನಪ್ಪಾ" ಎಂದರು.

ಜೂನ್ ಹೊತ್ತಿಗೆ ಸೂಚ್ಯಂಕ ಬಿದ್ದಿದ್ದರಲ್ಲಿ ಬಹುಪಾಲು ಮೇಲೆ ಬಂದಿತ್ತು. ಮೇಷ್ಟ್ರು ಫೋನ್ ಮಾಡಿ, "ಬಿಟ್ಟಿದ್ರೆ ಚೆನ್ನಾಗಿತ್ತಲ್ವಾ ಮೇಡಂ?" ಎಂದು ಕೇಳಿದರು. ಹೌದು, ಈಗ ಹಾಗೆ ಕಾಣುತ್ತದೆ ಎಂದೆ. ಫೆಬ್ರವರಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಛತ್ರದವರಿಗೆ ಕೊಡಬೇಕಾದ ತಾರೀಖು ಮಾತ್ರ ಗೊತ್ತಿತ್ತು. ಠೇವಣಿ ಮುರಿದು ಮತ್ತೆ ಫಂಡ್‌ಗೆ ಹಾಕುವ ಆಸೆ ಅವರ ದನಿಯಲ್ಲಿ ಕೇಳಿಸಿತು. ಬೇಡ ಎಂದೆ. ಪಿಂಚಣಿಯಲ್ಲಿ ಮಿಕ್ಕಿದ್ದನ್ನು ತಿಂಗಳಿಗಿಷ್ಟು ಅಂತ ಎಸ್‌ಐಪಿ ಮಾಡಬೇಕೆನಿಸಿದರೆ ಮದುವೆ ಮುಗಿದ ಮೇಲೆ, ಅದೂ ಆ ನೋಟ್‌ಬುಕ್ ಮುಂದಿಟ್ಟುಕೊಂಡು ಇಬ್ಬರೂ ಕೂತು ತೀರ್ಮಾನಿಸಿ ಎಂದು ಹೇಳಿದೆ.