ಹಸಿವಿನ ಕತೆಗೆ ಅಂಕಿ ಬೇಕೆ?

ಪ್ರಶ್ನೆ: ಹದಿಹರೆಯದವರಿಗಾಗಿ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಪಿಯುಸಿ ಓದುವ ನಾಯಕಿ ದಪ್ಪಗಾಗುವ ಭಯದಿಂದ ಊಟ ಬಿಡುತ್ತಾ ಹೋಗುತ್ತಾಳೆ. ಅವಳು ಎಷ್ಟು ತಿಂದಳು, ತೂಕ ಎಷ್ಟಕ್ಕಿಳಿಯಿತು ಎಂಬುದನ್ನೆಲ್ಲ ಕರಾರುವಾಕ್ಕಾಗಿ ಬರೆದರೆ ಮಾತ್ರ ಚಿತ್ರಣ ಪ್ರಾಮಾಣಿಕವಾದೀತೆಂದು ನನ್ನ ಭಾವನೆ. ಗೆಳತಿ ಬೇಡವೆನ್ನುತ್ತಾಳೆ. ತಾವೇನು ಹೇಳುತ್ತೀರಿ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಗೆಳತಿಯ ಮಾತೇ ಸರಿ. ನಿಮ್ಮ ನಾಯಕಿಯದು ಅನೊರೆಕ್ಸಿಯಾ ಎಂಬ ಕಾಯಿಲೆ. ಅದರ ಅಂಚಿನಲ್ಲಿರುವ ಹುಡುಗಿಯೊಬ್ಬಳು ನಿಮ್ಮ ಪುಸ್ತಕ ಹಿಡಿದರೆ, ನೀವು ಎಚ್ಚರಿಕೆಯೆಂದು ಕೊಟ್ಟ ಕಿಲೋ, ಕ್ಯಾಲೊರಿಗಳ ಲೆಕ್ಕ ಅವಳಿಗೆ ಮುಟ್ಟಬೇಕಾದ ಗುರಿಯಂತೆ ಕಾಣುವುದುಂಟು. ಊಟ ತಪ್ಪಿಸುವ ಉಪಾಯಗಳನ್ನು ವಿವರಿಸಿದರಂತೂ ಕಾದಂಬರಿ ಕೈಪಿಡಿಯಾಗಿಬಿಡುತ್ತದೆ.

ಅಂಕಿ ಬಿಟ್ಟರೂ ಬರೆಯಲು ಬೇಕಾದಷ್ಟಿದೆ. 1945ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, ಸ್ವಇಚ್ಛೆಯಿಂದ ಬಂದ 36 ಆರೋಗ್ಯವಂತ ಯುವಕರನ್ನು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅವರಲ್ಲಿ ಹಲವರು ಅಡುಗೆ ಪುಸ್ತಕಗಳನ್ನು ಓದತೊಡಗಿದರು, ತಟ್ಟೆಯ ಮುಂದೆ ಬಹಳ ಹೊತ್ತು ಕುಳಿತರು, ಚಳಿ ಎಂದರು, ಸಿಡುಕಿದರು, ಗೆಳೆಯರ ಸಂಗ ಬಿಟ್ಟರು. ಆದ್ದರಿಂದ ನಿಮ್ಮ ನಾಯಕಿ ಯುಗಾದಿಯ ದಿನ ತಾನೇ ಮುಂದೆ ನಿಂತು ಹೋಳಿಗೆ ಬೇಯಿಸಿ, ಎಲ್ಲರ ಎಲೆಗೂ ತುಪ್ಪ ಬಡಿಸಿ, ಅವರು ಉಣ್ಣುವುದನ್ನೇ ನೋಡುತ್ತಾ ನಿಲ್ಲಲಿ. ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚದಿರಲಿ.

ನಮ್ಮ ಮನೆಗಳಲ್ಲಿ ಈ ಕಾಯಿಲೆಗೆ ಒಳ್ಳೆಯ ಮರೆಯೂ ಉಂಟು: ಸಂಕಷ್ಟಿ, ಏಕಾದಶಿ, ಶನಿವಾರದ ಒಪ್ಪತ್ತು. ಹುಡುಗಿಗೆ ಎಷ್ಟು ಭಕ್ತಿ ಎಂದು ಅಜ್ಜಿ ಮೆಚ್ಚುತ್ತಾರೆ; ಮದುವೆಮನೆಯಲ್ಲಿ ಚಿಕ್ಕಮ್ಮ, ‘ಈಗ ನೋಡು, ಸೀರೆ ಎಷ್ಟು ಚೆನ್ನಾಗಿ ಒಪ್ಪುತ್ತದೆ’ ಎನ್ನುತ್ತಾರೆ. ಇದನ್ನು ಅವಶ್ಯ ಬರೆಯಿರಿ, ಆದರೆ ಆ ಚಿಕ್ಕಮ್ಮನನ್ನು ಖಳನಾಯಕಿ ಮಾಡಬೇಡಿ. (ಅಂಥ ಮಾತನ್ನು ನಾನೂ ಆಡಿದ್ದೇನೆ.)

ರೋಗಿಯೆಂದರೆ ಮೂಳೆಚಕ್ಕಳವೇ ಆಗಿರಬೇಕೆಂದೂ ಇಲ್ಲ. ಮಿತಿಮೀರಿ ತಿಂದು ಆಮೇಲೆ ಕಕ್ಕುವ ಬುಲಿಮಿಯಾ ಇರುವ ಅನೇಕರ ತೂಕ ಸಾಮಾನ್ಯವಾಗಿಯೇ ಇರುತ್ತದೆ. ಹುಡುಗರಿಗೂ ಈ ಕಾಯಿಲೆಗಳು ಬರುತ್ತವೆ. ಹಸ್ತಪ್ರತಿಯನ್ನು ಮನೋವೈದ್ಯರೊಬ್ಬರಿಗೆ ತೋರಿಸಿ.

ಕೊನೆಯ ಅಧ್ಯಾಯದಲ್ಲಿ ಹುಡುಗನೊಬ್ಬ ಬಂದು ‘ನೀನು ಚೆನ್ನಾಗಿದ್ದೀಯ’ ಎಂದ ಕೂಡಲೇ ಅವಳು ಗುಣವಾಗುವುದು ಬೇಡ. ಹದಿಹರೆಯದವರಿಗೆ ಕೊಡುವ ಮುಖ್ಯ ಚಿಕಿತ್ಸೆಯೊಂದರಲ್ಲಿ ತಂದೆತಾಯಿಯೇ ಹೊತ್ತುಹೊತ್ತಿಗೂ ಎದುರಿಗೆ ಕುಳಿತು, ತಿಂಗಳುಗಟ್ಟಲೆ, ಮಗುವಿಗೆ ಉಣ್ಣಿಸುತ್ತಾರೆ. ದೋಸೆ ಆರಿ ರಬ್ಬರಿನಂತಾಗಿದೆ, ಮಗಳು ತಟ್ಟೆಯನ್ನು ನೂಕಿದ್ದಾಳೆ, ಆಫೀಸಿಗೆ ಹೊತ್ತಾದರೂ ತಾಯಿ ಎದ್ದಿಲ್ಲ: ಅಂಥ ಒಂದು ಬೆಳಗಿಗೆ ನಾಲ್ಕು ಪುಟ ಕೊಡಿ.